ಉಡಿ ತುಂಬಿಸಿಕೊಂಡೂ ಬಾಯಿ ಬಿಡದ ತಾಯಿಹಲಗೆಗೆ

ಸಕಲ ತೂತು, ಪಿನ್ನು, ಪಟ್ಟಿಗಳ ಒಡತಿಯೂ, ಕಳೆದ ಶುಕ್ರವಾರದಿಂದ ನಮ್ಮ ಕಂಪ್ಯೂಟರಿನ ಹೊಟ್ಟೆಯಲ್ಲಿ ವಿರಾಜಮಾನರೂ ಆದ ಮದರ್‌ಬೋರ್ಡ್ ಅವರ ಸನ್ನಿಧಾನಕ್ಕೆ, ಬಬಲೇಶ್ವರ ತಾಲೂಕು ಸಾರವಾಡದಿಂದ ರಾಜೇಶ್ವರಿ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ಬಲ್ಲೆ, ಏಕೆಂದರೆ ತಮ್ಮ ಮೈಮೇಲಿನ ಬಣ್ಣಬಣ್ಣದ ದೀಪಗಳು ಮದುವೆ ಹಂದರದಂತೆ ಝಗಝಗಿಸುತ್ತಿವೆ, ಫ್ಯಾನೂ ಗಿರಗಿರ ತಿರುಗುತ್ತಿದೆ, ಪರದೆಯೊಂದು ಮಾತ್ರ ಕಪ್ಪಗಿದೆ. ನಾನು ಕ್ಷೇಮವಾಗಿಲ್ಲ. ಟೈಪ್ ಮಾಡಲು ನನಗಿದ್ದ ಒಂದೇ ಕಂಪ್ಯೂಟರು ತಮ್ಮ ವಶದಲ್ಲಿರುವುದರಿಂದ ಈ ಪತ್ರವನ್ನು ಹಳೆ ಕ್ಯಾಲೆಂಡರಿನ ಹಾಳೆಯ ಬೆನ್ನಿಗೆ ಪೆನ್ನಿನಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ತಾವೇ ಕಾರಣರೆಂದು ತಿಳಿಯಬೇಕು.

ನಾನು ಮನೆಯಲ್ಲೇ ಕೂತು ಲಗ್ನಪತ್ರಿಕೆ ವಿನ್ಯಾಸ ಮಾಡುವವಳು. ಈ ಕಂಪ್ಯೂಟರು ಅಂಗಡಿಯಿಂದ ಇಡಿಯಾಗಿ ಬಂದದ್ದಲ್ಲ, ಆರು ವರ್ಷದ ಹಿಂದೆ ಒಂದೊಂದೇ ಭಾಗ ತಂದು, ಸ್ಕ್ರೂಡ್ರೈವರ್ ಹಿಡಿದು ನಾನೇ ಜೋಡಿಸಿದ್ದು. ಹೋದ ವಾರ ಕರೆಂಟು ಹೋಗಿ ಬಂದದ್ದೇ ತಡ, ತಮ್ಮ ಪೂರ್ವಾಧಿಕಾರಿಗಳು ಢಬ್ ಎಂದು ಸುಟ್ಟ ವಾಸನೆ ಬಿಟ್ಟು ನಿವೃತ್ತರಾದರು. ಹೋದರೆ ಹೋಗಲಿ ಎನ್ನಬಹುದಿತ್ತು, ಆದರೆ ಒಳಗಿನ ಡಿಸ್ಕಿನಲ್ಲಿ ತಿಕೋಟಾದ ಸುಗರಾಬಿಯವರ ಮಗಳು ಜೀನತಳ ನಿಕಾಹ್ ಪತ್ರಿಕೆ ಇದೆ. ಅಂಚಿನ ದ್ರಾಕ್ಷಿ ಬಳ್ಳಿಯನ್ನು ಆ ಹುಡುಗಿ ಒಂದು ತಿಂಗಳು ನನ್ನ ಪಕ್ಕದಲ್ಲೇ ಕೂತು ತನ್ನ ಕೈಯಾರೆ ಬಿಡಿಸಿದ್ದಾಳೆ, ಮತ್ತು ಅದನ್ನು ತೆರೆಯುವ ಹಳೆಯ ಸಾಫ್ಟ್‌ವೇರು ಈ ಯಂತ್ರ ಬಿಟ್ಟು ಬೇರೆಲ್ಲೂ ಬಾಯಿ ತೆರೆಯುವುದಿಲ್ಲ. ವಿಜಯಪುರದಲ್ಲೇ ಮಾಡಿಸೆಂದು ಊರೆಲ್ಲ ಹೇಳಿದರೂ ಸುಗರಾಬಿಯವರು ‘ರಾಜವ್ವ ಮಾಡಿದ್ರ ಮನಿ ಮಗಳು ಮಾಡಿದಂಗರಿ’ ಎಂದು ನನ್ನ ಮೇಲೇ ಭರವಸೆ ಇಟ್ಟರು. ನಾಳೆ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಪತ್ರಿಕೆ ಅಚ್ಚಿಗೆ ಹೋಗಬೇಕು. ಇವತ್ತು ಭಾನುವಾರ ಮಧ್ಯಾಹ್ನ, ತಾವು ಇನ್ನೂ ಮಿಂಚುತ್ತಲೇ ಇದ್ದೀರಿ.

ತಮ್ಮನ್ನು ಆರಿಸಲು ನಾನು ಪಟ್ಟ ಪಾಡನ್ನು ನೆನಪಿಸುವುದು ಅಗತ್ಯ. ಇಬ್ರಾಹಿಂಪುರದ ರಿಪೇರಿ ಅಂಗಡಿಯ ನಾಸೀರರು ನನ್ನ ಮುಂದೆ ಮೂರು ಡಬ್ಬಿ ಇಟ್ಟು, ‘ಅಕ್ಕಾರ, ಪ್ರೊಸೆಸರ್ ಹಳೇದ ಇಡಾವ್ರಿದ್ರ ಸಾಕೆಟ್ ಕೂಡಿ ಬರಬೇಕ್ರಿ, ಇಲ್ಲಾಂದ್ರ ಸಂಸಾರ ಆಗಂಗಿಲ್ಲ’ ಎಂದರು. ಸಾಕೆಟ್ ನೋಡಿದೆ, ಮೆಮೊರಿ ನೋಡಿದೆ, ಸ್ಕ್ರೂ ಹಾಕುವ ತೂತುಗಳನ್ನೂ ಎಣಿಸಿದೆ. ನನ್ನ ಲಗ್ನದಾಗ ಇಷ್ಟು ಜಾತಕ ಕೂಡಾವಳಿ ಯಾರೂ ನೋಡಿರಲಿಲ್ಲ. ಬಸ್ಸಿನಲ್ಲಿ ಸೀಟು ಸಿಕ್ಕದಿದ್ದರೂ ತಮ್ಮನ್ನು ಎದೆಗವಚಿಕೊಂಡು ಊರಿನವರೆಗೂ ನಿಂತೇ ಬಂದೆ.

ಮನೆಯಲ್ಲಿ ತಮಗಾದ ಸತ್ಕಾರವಂತೂ ಯಾವ ಯಂತ್ರಕ್ಕೂ ಆಗಿರಲಿಕ್ಕಿಲ್ಲ. ನಮ್ಮ ಅತ್ತೆ ರೇಣುಕವ್ವನವರು ಈ ಆರು ವರ್ಷದಲ್ಲಿ ನನ್ನ ಕಂಪ್ಯೂಟರನ್ನು ‘ಆ ಡಬ್ಬಿ’ ಎಂದದ್ದು ಬಿಟ್ಟರೆ ಅದರ ಕೋಣೆಗೂ ಕಾಲಿಟ್ಟವರಲ್ಲ. ಮದರ್‌ಬೋರ್ಡ್ ಅಂದರೇನೆಂದು ಕೇಳಿದರು, ‘ತಾಯಿಹಲಗಿ ರೀ’ ಎಂದು ನಾನು ಬಾಯಿತಪ್ಪಿ ಕನ್ನಡ ಮಾಡಿದೆ. ತಮ್ಮನ್ನು ಕೇಸಿನಲ್ಲಿ ಕೂಡ್ರಿಸಿ, ಸ್ಕ್ರೂ ಬಿಗಿದು, ಚಹಾ ಇಳಿಸಲು ಒಳಗೆ ಹೋಗಿ ಬರುವಷ್ಟರಲ್ಲಿ ಅವರು ‘ತಾಯಿ ಮನಿಗಿ ಬಂದಾಳ, ಬರೇ ಉಡೀಲೆ ಕುಂಡ್ರಸ್ತಾರೇನ ಬೇ?’ ಎನ್ನುತ್ತ ಐದು ಹಿಡಿ ಅಕ್ಕಿ, ಉತ್ತತ್ತಿ, ಅಡಿಕೆ, ಅರಿಷಿಣ ಬೇರು, ಮೇಲೊಂದು ಕುಪ್ಪಸದ ಖಣ ಇಟ್ಟು ಮುತ್ತೈದೆಗೆ ತುಂಬಿದ ಹಾಗೆ ತಮಗೆ ಉಡಿ ತುಂಬಿದ್ದರು. ಯಪ್ಪಾ, ನನ್ನ ಜೀವ ಬಾಯಿಗೆ ಬಂತು! ಎಲ್ಲವನ್ನೂ ತೆಗೆದು, ಕೇಸನ್ನು ಬೋರಲು ಹಾಕಿ, ಬ್ರಷ್ಷಿನಿಂದ ಕಾಳುಕಾಳು ಹೊರಡಿಸಿ, ಆಮೇಲೆ ವೈರುಗಳನ್ನು ಚುಚ್ಚಿದೆ. ಇಷ್ಟು ಮರ್ಯಾದೆ ಉಂಡ ಮೇಲೂ ತಮ್ಮದು ಒಂದೇ ಹಟ, ಮೈತುಂಬ ದೀಪ, ಬಾಯಲ್ಲಿ ಮಾತಿಲ್ಲ. ತಾಯಿಯೆಂದು ಕರೆತಂದರೆ ತಾವು ಮುನಿಸಿಕೊಂಡ ಅತ್ತೆಯಾದಿರಿ ಎಂದು ನಾನು ಅತ್ತೆಯವರೆದುರೇ ಅಂದುಬಿಟ್ಟೆ.

ಆದಕಾರಣ ತಮ್ಮಲ್ಲಿ ಸವಿನಯ ಬಿನ್ನಹವೇನೆಂದರೆ, ಹದಿನಾಲ್ಕು ಭಾಷೆಗಳಲ್ಲಿ ಅಚ್ಚಾಗಿರುವ ತಮ್ಮ ಕೈಪಿಡಿಯಲ್ಲಿ ಕನ್ನಡಕ್ಕೆ ಜಾಗವಿಲ್ಲದ್ದರಿಂದ ತಾವೇ ಖುದ್ದಾಗಿ ನನ್ನ ಕನಸಿನಲ್ಲಿ ಬಂದು ನಮ್ಮ ಸಾರವಾಡದ ಮಾತಿನಲ್ಲಿ ಬೇನೆ ಎಲ್ಲಿದೆಯೆಂದು ಹೇಳತಕ್ಕದ್ದು, ಅದಾಗದಿದ್ದರೆ ಬೆಳಗಿನ ಮೊದಲ ಬಸ್ಸು ಹತ್ತಿ ತಿಕೋಟಾಕ್ಕೆ ಹೋಗಿ, ಬಳ್ಳಿ ಬಿಡಿಸಿದ ಆ ಹುಡುಗಿಯ ಮುಂದೆ ನಿಂತು ‘ನಿನ್ನ ಪತ್ರಿಕಿ ನಾ ನುಂಗೇನವಾ’ ಎಂದು ತಾವೇ ಒಪ್ಪಿಕೊಳ್ಳತಕ್ಕದ್ದು. ನನ್ನ ಕೈಲಿ ಆಗಂಗಿಲ್ಲ. ಮುಖ ತೋರಸಾಕ ಆಗಂಗಿಲ್ಲ.

ಇಲ್ಲಿಂದ ಮುಂದಿನದನ್ನು ಟೈಪ್ ಮಾಡುತ್ತಿದ್ದೇನೆ. ಅದರ ಅರ್ಥ ತಮಗೆ ತಿಳಿದೇ ಇದೆ.

ಮುಖ ತೋರಸಾಕ ಆಗಂಗಿಲ್ಲ ಎಂದು ಬರೆದು ಕಣ್ಣೊರೆಸಿಕೊಂಡು ಕೊನೆಯದೊಂದು ಸಲ ವೈರುಗಳನ್ನೆಲ್ಲ ಕಿತ್ತು ಚುಚ್ಚುತ್ತಿದ್ದಾಗ ಅತ್ತೆಯವರು ಬಾಗಿಲಲ್ಲಿ ನಿಂತಿದ್ದರು. ಉಳಿದವೆಲ್ಲ ಟಕ್ ಎಂದವು, ಮೂಲೆಯಲ್ಲಿ ಪ್ರೊಸೆಸರಿಗೆ ಕರೆಂಟು ಕೊಡುವ ಎಂಟು ತೂತಿನದು ಮಾತ್ರ ಅನ್ನಲಿಲ್ಲ. ಹೊಸದು, ಬಿಗಿ ಇರುತ್ತದೆ ಎಂದು ಮೂರು ದಿನ ನಾನು ಅದನ್ನು ಒತ್ತಿ ಒತ್ತಿ ಬಿಟ್ಟಿದ್ದೆ. ಅತ್ತೆಯವರು ‘ಡಬ್ಬಿ ಮುಚ್ಚಳಾ ಟಕ್ ಅನಲಿಲ್ಲಂದ್ರ ಒಳಗ ಏನರ ಸಿಕ್ಕಿರತೈತಿ, ಸರಿ ಅತ್ಲಾಗ’ ಎಂದು ಮೂಗಿಗೆ ಚಾಳೀಸು ಏರಿಸಿ, ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು, ನಲವತ್ತು ವರ್ಷ ಮೊರದಲ್ಲಿ ಹರಳು ಆರಿಸಿದ ಕಣ್ಣಿನಿಂದ ಆ ತೂತುಗಳೊಳಗೆ ನೋಡಿ ಕೆದಕಿದರು. ಹೊರಗೆ ಬಂದದ್ದು ಒಂದು ಅಕ್ಕಿಕಾಳು. ಅದನ್ನು ಅಂಗೈ ಮೇಲಿಟ್ಟುಕೊಂಡು ಅವರು ‘ನಂದ ತಪ್ಪವಾ’ ಎಂದರು. ವೈರು ಚುಚ್ಚಿದೆ, ಟಕ್ ಎಂದಿತು. ಪರದೆ ಬೆಳಗಿ, ಜೀನತಳ ದ್ರಾಕ್ಷಿ ಬಳ್ಳಿ ಒಂದೆಲೆಯೂ ಬಾಡದೆ ಎದ್ದು ಬಂತು. ನಾನು ಅತ್ತೆಯವರನ್ನು ತಬ್ಬಿಕೊಂಡು ಅತ್ತೆ, ಅವರು ‘ಸಾಕ ಬಿಡ, ಪತ್ರಿಕಿ ಕಳಸ ಮದಲ’ ಎಂದು ಬೈದರು.

ಹೀಗಾಗಿ ದೂರನ್ನು ಹಿಂಪಡೆದಿದ್ದೇನೆ, ಗಂಟಲಲ್ಲಿ ಕಾಳು ಸಿಕ್ಕವರು ಮಾತಾಡಲಿಲ್ಲವೆಂದು ಬೈದದ್ದು ನನ್ನದೇ ತಪ್ಪು. ಆದರೆ ತಮ್ಮನ್ನು ಅತ್ತೆ ಎಂದ ಮಾತನ್ನು ಮಾತ್ರ ಹಿಂಪಡೆಯುವುದಿಲ್ಲ, ಇನ್ನು ಮುಂದೆ ಅದನ್ನು ಹೊಗಳಿಕೆಯೆಂದೇ ತಿಳಿಯಬೇಕು.

ತಮ್ಮ ವಿಶ್ವಾಸಿ,
ರಾಜೇಶ್ವರಿ
(ಸ್ಕ್ರೂಡ್ರೈವರ್ ಸಮೇತ)

ತಾ.ಕ.: ತಮ್ಮ ವಾರಂಟಿ ಕಾಗದದಲ್ಲಿ ನೀರು, ಸಿಡಿಲು, ಹುಳುಹುಪ್ಪಡಿಗಳ ಹೆಸರಿದೆ, ಉಡಿ ಅಕ್ಕಿಯ ಹೆಸರಿಲ್ಲ, ದಯವಿಟ್ಟು ಬೇಗ ಸೇರಿಸಿಕೊಳ್ಳಿ. ಶ್ರಾವಣದಲ್ಲಿ ಮತ್ತೆ ಉಡಿ ತುಂಬುವುದಾಗಿ ಅತ್ತೆಯವರು ಹೇಳಿದ್ದಾರೆ. ಕೇಸಿಗೆ ಮುಚ್ಚಳ ಬಿಗಿದಿದ್ದೇನೆ, ಆದರೆ ಹಿಂದೆ ಫ್ಯಾನಿನ ಹತ್ತಿರ ಹಿಡಿ ಅಕ್ಕಿ ಹೋಗುವಷ್ಟು ಸಂದಿಯಿದೆಯೆಂದು ಅವರು ಈಗಲೇ ನೋಡಿಟ್ಟಿದ್ದಾರೆ.