ಖಾಲಿ ಇದ್ದರೆ ಹೇಳಿ

ನಮ್ಮ ಅಣ್ಣಯ್ಯ ಯಾರ ಮನೆಗೆ ಹೋದರೂ ಮೊದಲು ಕೇಳುವುದು ‘ಚೆನ್ನಾಗಿದ್ದೀರಾ’ ಎಂದಲ್ಲ, ‘ನಿಮ್ಮಲ್ಲಿ ಏನೇನು ಖಾಲಿ ಇದೆ?’ ಎಂದು! ಕಳ್ಳರೂ ಇಷ್ಟು ನೇರವಾಗಿ ಕೇಳಲಾರರು. ನಾನು ಉತ್ಪ್ರೇಕ್ಷೆ ಮಾಡುತ್ತಿದ್ದೇನೆ ಎನ್ನುವವರು ಮೂಡಿಗೆರೆಯ ಅವನ ಮನೆಯಲ್ಲಿ ಒಂದು ವಾರ ಇದ್ದು ನೋಡಲಿ. ನಾನು ಇದ್ದವಳು.

ಅಣ್ಣಯ್ಯ ನನ್ನ ದೊಡ್ಡಪ್ಪನ ಮಗ. ನನ್ನ ಗಂಡ ತೀರಿಕೊಂಡ ಮೂರನೆಯ ತಿಂಗಳು ಅವನೇ ನಾವಿದ್ದ ಮಲ್ಲಂದೂರಿಗೆ ಜೀಪು ತಂದು, ನನ್ನನ್ನೂ ನನ್ನ ಎರಡು ಟ್ರಂಕುಗಳನ್ನೂ ಹೇರಿಕೊಂಡು ಹೋಗಿ ತನ್ನ ಮಹಡಿಯ ಕೋಣೆಯಲ್ಲಿ ಇಳಿಸಿದ. ಆ ಕೋಣೆ ಬಿಟ್ಟರೆ ನನಗೆ ಬೇರೆ ಜಾಗವಿರಲಿಲ್ಲ. ಅಂಥವಳ ಎದುರಿಗೆ ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದು ನಿಂತು ‘ಇವತ್ತೇನು ಖಾಲಿ?’ ಎಂದು ಕೇಳುವವನನ್ನು ಏನು ಮಾಡಬೇಕು, ನೀವೇ ಹೇಳಿ!

ಇದಕ್ಕೆಲ್ಲ ಕಾರಣ ಒಂದು ಯಂತ್ರ. ಬಸ್ ಸ್ಟ್ಯಾಂಡಿನ ಹತ್ತಿರ ಅವನದೊಂದು ಕಂಪ್ಯೂಟರ್ ಸೆಂಟರ್. ಎರಡು ಸಾವಿರದ ಇಸವಿ ದಾಟಿ ಏಳೆಂಟು ವರ್ಷವಾಗಿತ್ತು. ಬೇರೆಯವರು ಆರು ಕಂಪ್ಯೂಟರ್ ಇಡುವ ಕಡೆ ಇವನು ದೊಡ್ಡದೊಂದನ್ನೇ ಇಟ್ಟು, ಅದರ ಹೊಟ್ಟೆಯೊಳಗೆ ಆರು ಸುಳ್ಳು ಕಂಪ್ಯೂಟರುಗಳನ್ನು ಓಡಿಸುತ್ತಿದ್ದ. ಅವಕ್ಕೆ ವರ್ಚುವಲ್ ಮೆಷೀನ್ ಎಂದು ಹೆಸರು. ಎದುರಿಗೆ ಆರು ಪರದೆ, ಆರು ಕೀಬೋರ್ಡು. ಕೂತ ಆರು ಜನಕ್ಕೂ ಇದು ತನ್ನದೇ ಸ್ವಂತ ಯಂತ್ರ ಎಂಬ ಭ್ರಮೆ. ನಾನು ಅಲ್ಲಿ ಟೈಪಿಂಗ್ ಕಲಿಸುತ್ತಿದ್ದೆ. ಹತ್ತು ಗಂಟೆಗೆ ಕುದುರೆಯಂತೆ ಓಡುತ್ತಿದ್ದ ಯಂತ್ರ ಹನ್ನೆರಡಕ್ಕೆ ಎಮ್ಮೆಯಂತೆ ಮಲಗಿಬಿಡುತ್ತಿತ್ತು.

ಯಾಕೆ ಎಂದು ಕೇಳಿದ್ದು ನನ್ನದೇ ತಪ್ಪು.

“ಎಸ್ಟೇಟಿನಲ್ಲಿ ಕೂಲಿಯೋರ ಲೈನ್ ಮನೆ ನೋಡಿದೀಯಲ್ಲ?” ಎಂದು ಅಣ್ಣಯ್ಯ ಶುರು ಮಾಡಿದ. “ಒಂದು ಸಂಸಾರ ಬೀಗ ಹಾಕ್ಕೊಂಡು ಊರಿಗೆ ಹೋಗಿರ್ತದೆ. ಲೆಕ್ಕ ಬರೆಯೋ ರೈಟರಿಗೆ ಹೇಳಿರಲ್ಲ. ರೈಟರ್ ಪುಸ್ತಕದಲ್ಲಿ ಮನೆ ಭರ್ತಿ. ಹೊಸಬರು ಸಾಮಾನು ಹೊತ್ಕೊಂಡು ಅಂಗಳದಲ್ಲಿ ನಿಂತಿರ್ತಾರೆ. ಇಲ್ಲೂ ಅಷ್ಟೇ ಮಾರಾಯ್ತಿ! ಮೆಮೊರಿ ಅಂದ್ರೆ ಸಣ್ಣ ಸಣ್ಣ ಪೇಜುಗಳು. ಒಳಗಿನ ಯಂತ್ರ ಕೆಲಸಕ್ಕೆ ಅಂತ ತಗೊಳ್ತದೆ. ಮುಗಿದ ಮೇಲೆ ‘ಇದು ಖಾಲಿ’ ಅಂತ ತನ್ನಷ್ಟಕ್ಕೆ ಗುರುತು ಹಾಕ್ಕೊಳ್ತದೆ. ಹೊರಗಿನ ದೊಡ್ಡದಕ್ಕೆ ಮಾತ್ರ ಹೇಳೋದೇ ಇಲ್ಲ! ಮಧ್ಯಾಹ್ನದೊಳಗೆ ಅದರ ಲೆಕ್ಕದಲ್ಲಿ ಜಾಗ ಎಲ್ಲ ಭರ್ತಿ, ಯಂತ್ರ ಮಲಗ್ತದೆ.”

“ಹೇಳೋಕೆ ಹೇಳು,” ಎಂದೆ. ಅದು ಎರಡನೆಯ ತಪ್ಪು.

ಅಂದಿನಿಂದ ಅವನು ಒಂದು ಪ್ರೋಗ್ರಾಂ ಬರೆಯಲು ಕೂತ. ಪ್ರತಿಯೊಂದು ಸುಳ್ಳು ಯಂತ್ರದೊಳಗೂ ಕೂತು, ಯಾವ ಪೇಜು ಖಾಲಿಯಾಯಿತು ಎಂದು ಲೆಕ್ಕ ಇಟ್ಟು, ದೊಡ್ಡ ಯಂತ್ರಕ್ಕೆ ವರದಿ ಮಾಡುವ ಪ್ರೋಗ್ರಾಂ. ಅಷ್ಟಕ್ಕೇ ನಿಂತಿದ್ದರೆ ನಾನು ಈ ಪ್ರಬಂಧ ಬರೆಯಬೇಕಾಗಿರಲಿಲ್ಲ. ಜಗತ್ತಿನ ಅರ್ಧ ಕಷ್ಟಕ್ಕೆ ಜನ ಖಾಲಿ ಇರುವುದನ್ನು ಹೇಳದಿರುವುದೇ ಕಾರಣ ಎಂದು ಅವನಿಗೆ ಹೊಳೆದುಬಿಟ್ಟಿತು!

ಒಮ್ಮೆ ಕಳಸದ ಬಸ್ಸಿನಲ್ಲಿ ಹೋಗುತ್ತಿದ್ದೆವು. ಬಸ್ಸು ತುಂಬಿತ್ತು. ಅಣ್ಣಯ್ಯ ಮುಂದಿನ ಸೀಟಿನಿಂದ ಹಿಡಿದು ಕೂತವರನ್ನೆಲ್ಲ ಎಲ್ಲಿ ಇಳಿಯುತ್ತೀರಿ ಎಂದು ಕೇಳುತ್ತಾ ಬಂದ. ಕೇಳಿ, ನಿಂತವರ ಕಡೆ ತಿರುಗಿ ಕೂಗಿದ: “ಕೊಟ್ಟಿಗೆಹಾರದಲ್ಲಿ ಮೂರು ಖಾಲಿ! ಬಾಳೂರಲ್ಲಿ ಕಿಟಕಿ ಪಕ್ಕದ್ದು ಒಂದು!”

“ನಾನೆಲ್ಲಿ ಇಳಿದ್ರೆ ನಿಮಗೆಂತ ಮಾರಾಯ್ರೆ?” ಎಂದರು ಕಿಟಕಿ ಪಕ್ಕದವರು.

“ನನಗೆಂತದೂ ಇಲ್ಲ. ನಿಂತೋರ ಕಾಲನ್ನ ಕೇಳಿ.”

ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಕಂಡಕ್ಟರು ಬಂದು ತಮ್ಮ ಸೀಟಿಯನ್ನು ಅಣ್ಣಯ್ಯನ ಕೈಗಿಟ್ಟರು. “ಸ್ವಾಮಿ, ಇನ್ನು ನೀವೇ ಊದಿ. ನಾನು ಕೂತ್ಕೊಳ್ತೇನೆ. ಯಾವುದು ಖಾಲಿ?”

ಮನೆಯಲ್ಲಿ ಇನ್ನೂ ಕಷ್ಟ. ದಿನಾ ಬೆಳಿಗ್ಗೆ ಅಚ್ಚು ಹಾಕಿದ ಹಾಳೆಯೊಂದು ಊಟದ ಮೇಜಿನ ಮೇಲಿರುತ್ತಿತ್ತು. ಬಕೆಟ್ಟು, ಕೊಡೆ, ಪಾತ್ರೆ, ಮಂಚ: ಬೇಡವಾದದ್ದರ ಎದುರಿಗೆ ‘ಖಾಲಿ’ ಎಂದು ಬರೆಯಬೇಕು. ಒಂದು ದಿನ ಏಳು ಗಂಟೆಗೆ ಅತ್ತಿಗೆ ದೊಡ್ಡ ಪಾತ್ರೆ ಖಾಲಿ ಎಂದು ಬರೆದಳು. ಏಳೂವರೆಗೆ ಅದಕ್ಕೆ ದೋಸೆ ಹಿಟ್ಟು ಸುರಿದಳು. ಎಂಟಕ್ಕೆ ಪಕ್ಕದ ಮನೆಯವರು ಪಾತ್ರೆ ಕೇಳಿ ಬಂದರು. ಅಣ್ಣಯ್ಯ ಹಾಳೆ ನೋಡಿ ಎತ್ತಿ ಕೊಟ್ಟುಬಿಟ್ಟ.

“ಮುಚ್ಚಳ ತೆಗೆದು ನೋಡ್ಬಾರದಿತ್ತಾ?” ಅತ್ತಿಗೆ ಕೂಗಿದಳು.

“ವರದಿಯಲ್ಲಿ ಖಾಲಿ ಅಂತ ಇತ್ತು.”

“ಭಾರ ಇರ್ಲಿಲ್ವಾ?”

“ಇತ್ತು. ಗಟ್ಟಿ ಪಾತ್ರೆ ಅಂದ್ಕೊಂಡೆ.”

ಅವತ್ತು ಪಕ್ಕದ ಮನೆಯಲ್ಲಿ ದೋಸೆ. ಪಾಪ, ನಮಗೂ ನಾಲ್ಕು ಕಳಿಸಿದರು.

ದೋಸೆ ತಿನ್ನುತ್ತಿದ್ದ ಅಣ್ಣಯ್ಯ ಅರ್ಧಕ್ಕೇ ಎದ್ದು ನಿಂತ. ಹಿಂದಿನ ವಾರ, ಅವನ ಪ್ರೋಗ್ರಾಂ ಓಡಲು ಶುರುವಾದ ಮೇಲೆ, ಸೆಂಟರಿನಲ್ಲಿ ಒಬ್ಬಳು ಟೈಪ್ ಮಾಡುತ್ತಿದ್ದ ಕಾಗದ ಅರ್ಧದಲ್ಲೇ ಮಾಯವಾಗಿತ್ತು. ಆಗಿದ್ದು ಇದೇ! ಖಾಲಿ ಎಂದು ವರದಿ ಹೋದ ಮೇಲೆ, ದೊಡ್ಡ ಯಂತ್ರ ಬಂದು ಎತ್ತಿಕೊಳ್ಳುವುದರೊಳಗೆ, ಒಳಗಿನದು ಅದೇ ಪೇಜಿಗೆ ಹಿಟ್ಟು ಸುರಿದಿತ್ತು. ಕೈ ಕೂಡ ತೊಳೆಯದೆ ಸೆಂಟರಿಗೆ ಓಡಿದ. ಖಾಲಿ ಪೇಜನ್ನು ಮೊದಲು ಬೇರೆ ಇಟ್ಟು, ವರದಿ ಮುಗಿಯುವವರೆಗೆ ಯಾರೂ ಮುಟ್ಟದಂತೆ ಮಾಡಿದ. ಆಮೇಲೆ ಯಂತ್ರ ಸಂಜೆಯವರೆಗೂ ಕುದುರೆಯೇ. ಮನೆಯಲ್ಲೂ ಹೊಸ ಕಾನೂನು ಬಂತು: ಖಾಲಿ ಎಂದು ಬರೆದ ಪಾತ್ರೆಯನ್ನು ಬೋರಲು ಹಾಕಿಡಬೇಕು.

ಇಷ್ಟನ್ನೂ ನಾನು ನಗುತ್ತಾ ಬರೆಯುತ್ತಿದ್ದೇನೆ. ಆಗ ನಗುತ್ತಿರಲಿಲ್ಲ. ಆ ಹಾಳೆಯ ಕೊನೆಯ ಸಾಲಿನಲ್ಲಿ ‘ಮಹಡಿ ಕೋಣೆ’ ಎಂದು ಅಚ್ಚಾಗಿತ್ತು. ದಿನಾ ಆ ಸಾಲನ್ನು ಬಿಟ್ಟು ಉಳಿದದ್ದನ್ನು ತುಂಬುತ್ತಿದ್ದೆ.

ಸೆಂಟರಿಗೆ ಚಿಕ್ಕಮಗಳೂರಿನಿಂದ ಹೊಸ ಟೀಚರೊಬ್ಬಳು ಬರುವುದೆಂದಾಯಿತು. “ಆ ಹುಡುಗಿಗೆ ಎಲ್ಲಾದ್ರೂ ಒಂದು ಕೋಣೆ ಬೇಕಲ್ಲ,” ಎಂದಳು ಅತ್ತಿಗೆ ಮಧ್ಯಾಹ್ನದ ಊಟಕ್ಕೆ ಕೂತಾಗ. “ನೋಡುವ,” ಎಂದ ಅಣ್ಣಯ್ಯ. ಅಷ್ಟೇ. ಬಾಯಿ ಬಿಟ್ಟು ಹೇಳಲಾರದೆ ಇವನು ಇಷ್ಟು ದಿನ ನನ್ನ ವರದಿಗಾಗಿ ಕಾಯುತ್ತಿದ್ದ ಎಂದು ಖಾತ್ರಿಯಾಯಿತು.

ಮರುದಿನ ಬೆಳಿಗ್ಗೆ ಟ್ರಂಕು ಎರಡಕ್ಕೂ ಬೀಗ ಹಾಕಿದೆ. ಹಾಸಿಗೆ ಸುತ್ತಿಟ್ಟೆ. ಕೆಳಗಿಳಿದು ಬಂದು ಕೊನೆಯ ಸಾಲಿನ ಎದುರಿಗೆ ‘ಖಾಲಿ’ ಎಂದು ಬರೆದೆ.

ಅಣ್ಣಯ್ಯ ಓದಿದ. ಕನ್ನಡಕ ಒರೆಸಿ ಇನ್ನೊಮ್ಮೆ ಓದಿದ.

“ಇದು ಯಾರು ಬರೆದದ್ದು?”

“ನಾನು.”

“ತಪ್ಪಿದೆ.”

“ತಪ್ಪಿಲ್ಲ ಅಣ್ಣಯ್ಯ. ಟ್ರಂಕ್ ಕಟ್ಟಿ ಆಯ್ತು.”

ಅವನ ಮುಖ ಕೆಂಪಾಯಿತು. “ಇಷ್ಟು ದಿನ ಬಡ್ಕೊಂಡೆನಲ್ಲ ಮಾರಾಯ್ತಿ, ಬೇಡದ್ದನ್ನ ಮಾತ್ರ ಖಾಲಿ ಅಂತ ಬರೀಬೇಕು ಅಂತ! ಹೇಳು, ನಿಂಗೆ ಆ ಕೋಣೆ ಬೇಡವಾ?”

“ಬೇಕು,” ಎಂದೆ. ಮಲ್ಲಂದೂರು ಬಿಟ್ಟ ಮೇಲೆ ನಾನು ಯಾರ ಹತ್ತಿರವೂ ಆ ಮಾತು ಆಡಿರಲಿಲ್ಲ.

“ಮತ್ತೆ? ಆ ಟೀಚರಿಗೆ ಸೆಂಟರಿನ ಹಿಂದಿನ ಕೋಣೆ ಬಿಡಿಸಿ ಆಯ್ತು. ಅಲ್ಲಿದ್ದ ಹಳೇ ಮಾನಿಟರೆಲ್ಲ ಈಗ ನನ್ನ ಮಂಚದ ಕೆಳಗೆ.” ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದ. “ನಿನ್ನ ಅತ್ತಿಗೆಗೆ ಇನ್ನೂ ವರದಿ ಮಾಡಿಲ್ಲ.”

ಪೆನ್ನು ನನ್ನ ಕಡೆ ಚಾಚಿದ. ನಾನು ‘ಖಾಲಿ’ಯನ್ನು ಹೊಡೆದುಹಾಕಿ ‘ಬಳಕೆಯಲ್ಲಿದೆ’ ಎಂದು ಬರೆದೆ.

“ಎಷ್ಟು ದಿನದವರೆಗೆ ಅಂತ ಬರೀಲಿ ಅಣ್ಣಯ್ಯ?”

ಅವನು ಹಾಳೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದ.

“ಆ ಕಾಲಂ ನಾನು ಮಾಡೇ ಇಲ್ಲವಲ್ಲ ಮಾರಾಯ್ತಿ,” ಎಂದ.