ಕಿಟಕಿ ಮಸೂದೆಯ ಹನ್ನೊಂದು ನಿಮಿಷ

ಇಷ್ಟಕ್ಕೆಲ್ಲ ಕಾರಣ ಒಂದು ದವಡೆಹಲ್ಲು. ಅದು ಭಾನುವಾರ ನೋಯಬಹುದಿತ್ತು, ರಜೆಯಲ್ಲಿ ನೋಯಬಹುದಿತ್ತು. ಅದೆಲ್ಲ ಬಿಟ್ಟು, ಶಾಸನಸಭೆಯಲ್ಲಿ ಕಿಟಕಿ ಮಸೂದೆ ಬರುವ ದಿನವೇ ಬೆಳಿಗ್ಗೆ ಆರಕ್ಕೆ ಎದ್ದು ಕೂತಿತು.

ಹಲ್ಲಿನ ಯಜಮಾನರು ಒಂದು ಪತ್ರಿಕೆಯ ಅಂಕಣಕಾರರು. ಹತ್ತೊಂಬತ್ತು ವರ್ಷಗಳಿಂದ ‘ಹದ್ದುಬಸ್ತು’ ಅನ್ನುವ ಹೆಸರಿನಲ್ಲಿ ಸದನದ ಬಗ್ಗೆ ಬರೆಯುತ್ತ ಬಂದವರು. ಸರ್ಕಾರ ತನ್ನ ಗಡಿ ದಾಟಬಾರದು, ತೆರಿಗೆ ಹಗುರವಾಗಿರಬೇಕು, ಹಿರಿಯರು ಹಾಕಿಟ್ಟ ಕ್ರಮವನ್ನು ಸುಮ್ಮಸುಮ್ಮನೆ ಕೆದಕಬಾರದು ಅನ್ನುವುದು ಅವರ ವಾದ. ವಾದದಲ್ಲಿ ಮೋಸವಿರಲಿಲ್ಲ, ನಿಜವಾಗಿಯೂ ನಂಬಿದ್ದರು. ಮನೆಗೆ ಬೇರೆ ಸೋಪು ಬಂದರೂ “ಹಳೇದಕ್ಕೆ ಏನಾಗಿತ್ತು?” ಅಂತ ಕೇಳುವ ಆಸಾಮಿ. ಜಗತ್ತಿನ ಮೇಲೆ ಅವರಿಗೆ ಎಷ್ಟು ಅನುಮಾನವೋ, ಜಗತ್ತಿಗೂ ಅವರ ಮೇಲೆ ಅಷ್ಟೇ ಅನುಮಾನ. ಮನೆಯಿಂದಲೇ ಶುರು.

“ಹೋದ ಸಲ ಡಾಕ್ಟರ ಹತ್ರ ಹೋಗಿದ್ದೆ ಅಂತ ಸುಳ್ಳು ಹೇಳಿ ಸದನದಲ್ಲಿ ಕೂತಿದ್ರಿ,” ಅಂದರು ಹೆಂಡತಿ. “ಈ ಸಲ ಹನ್ನೆರಡು ಗಂಟೆಗೆ ಹೋಗ್ಬೇಕು. ಚೀಟಿ ತಂದು ತೋರಿಸ್ಬೇಕು.”

“ಹನ್ನೆರಡಕ್ಕೇ ಕಣೇ ಕಿಟಕಿ ಮಸೂದೆ!”

“ಕಿಟಕಿ ಓಡಿಹೋಗಲ್ಲ. ರಾತ್ರಿಯೆಲ್ಲ ಅಯ್ಯೋ ಅಮ್ಮಾ ಅಂತ ನರಳಿದ್ದು ಯಾರು, ಸಚಿವರಾ?”

ಅಂಕಣಕಾರರು ಕೆನ್ನೆ ಹಿಡಿದುಕೊಂಡು ಯೋಚಿಸಿದರು. ಮಸೂದೆ ಇಷ್ಟೇ: ರಸ್ತೆಯ ಕಡೆ ಕಿಟಕಿ ತೆರೆಯಬೇಕಾದರೆ ಸರ್ಕಾರದ ಅನುಮತಿ ಬೇಕು. ಸದನದಲ್ಲಿ ಏನಾಗುತ್ತದೆ ಅನ್ನುವುದು ಅವರಿಗೆ ಅಂಗೈ ಗೆರೆಯಷ್ಟು ಗೊತ್ತು. ಸಚಿವರು ‘ಐತಿಹಾಸಿಕ’ ಅನ್ನುತ್ತಾರೆ, ಮೂರು ಸಲ ನೀರು ಕುಡಿಯುತ್ತಾರೆ. ಅವರ ಹಿಂದಿನ ಸಾಲಿನವರು ನಿದ್ದೆ ಮಾಡುತ್ತಾರೆ. ವಿರೋಧ ಪಕ್ಷದ ನಾಯಕರು ಮಸೂದೆಯ ಪ್ರತಿ ಹರಿದು ಎಸೆದು ಹೊರಟುಹೋಗುತ್ತಾರೆ. ಹನ್ನೊಂದು ನಿಮಿಷದಲ್ಲಿ ಧ್ವನಿಮತದಿಂದ ಅಂಗೀಕಾರ. ಇದನ್ನು ನೋಡಿ ಬರೆದರೇನು, ನೋಡದೆ ಬರೆದರೇನು?

ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಅವರು ನೋಡದೆ ಬರೆದರು. ಬರೆಯುವಾಗ ಎರಡು ಸಲ ಬಾಗಿಲ ಕಡೆ ನೋಡಿದರು, ಯಾಕೆಂದರೆ ಮೂರು ವಾರದ ಹಿಂದಷ್ಟೇ ಸಂಪಾದಕರು ಕ್ರೀಡಾ ವರದಿಗಾರನನ್ನು ಮನೆಗೆ ಕಳಿಸಿದ್ದರು. ಆ ಪುಣ್ಯಾತ್ಮ ಮಳೆಯಿಂದ ರದ್ದಾದ ಪಂದ್ಯದ ರೋಚಕ ವರ್ಣನೆ ಬರೆದುಕೊಟ್ಟಿದ್ದ. “ನಡೆಯೋದಕ್ಕೆ ಮುಂಚೆ ಬರೆಯೋನು ನನ್ನ ಕಚೇರಿಯಲ್ಲಿ ಒಂದು ದಿನವೂ ಇರಬಾರದು” ಅಂತ ಸಂಪಾದಕರು ಎಲ್ಲರೆದುರು ಕೂಗಾಡಿದ್ದರು.

ಆದರೂ ‘ಐತಿಹಾಸಿಕ’ದಿಂದ ಹನ್ನೊಂದು ನಿಮಿಷದವರೆಗೆ ಎಲ್ಲ ಸೇರಿ ಲೇಖನ ಚೆನ್ನಾಗಿಯೇ ಬಂತು. “ಮನೆಯ ಕಿಟಕಿ ಮನೆಯವನದು. ಇಂದು ಕಿಟಕಿಗೆ ಅರ್ಜಿ, ನಾಳೆ ಬಾಗಿಲಿಗೆ ಅರ್ಜಿ, ನಾಡಿದ್ದು ಅಡುಗೆಮನೆಯಲ್ಲಿ ಅಧಿಕಾರಿ. ಕಾನೂನು ಕಡಿಮೆ, ಚರ್ಚೆ ಜಾಸ್ತಿ, ಇದು ನಮ್ಮ ಹಿರಿಯರು ನಡೆಸಿದ ಸದನ. ನಿನ್ನೆ ನಾವು ಕಂಡಿದ್ದು ಅದರ ತಲೆಕೆಳಗು.” ‘ನಿನ್ನೆ ನಾವು ಕಂಡಿದ್ದು’ ಅನ್ನುವಲ್ಲಿ ಪೆನ್ನು ಸ್ವಲ್ಪ ತಡವರಿಸಿತು. ಹಲ್ಲು ಚುಳ್ಳೆಂದಿತು. ಮುಂದೆ ಬರೆದರು.

ಮಧ್ಯಾಹ್ನ ಒಂದು ಗಂಟೆಗೆ, ಈಗಷ್ಟೇ ಸದನದಿಂದ ಎದ್ದುಬಂದವರ ಹಾಗೆ, ಹಲ್ಲಿನ ಡಾಕ್ಟರ ಕಾಯುವ ಕೋಣೆಯಿಂದಲೇ ಫೋನಿನಲ್ಲಿ ಲೇಖನ ಕಳಿಸಿದರು. ಒಂದೂವರೆಗೆ ಕುರ್ಚಿಯಲ್ಲಿ ಮಲಗಿದರು. ಎರಡು ಸೂಜಿ ಚುಚ್ಚಿಸಿಕೊಂಡ ಮೇಲೆ ಅರ್ಧ ಮುಖ ಸತ್ತುಹೋಗಿತ್ತು. ಡಾಕ್ಟರಿಗೆ ರೇಡಿಯೋ ಕೇಳುತ್ತ ಹಲ್ಲು ಕೀಳುವ ಅಭ್ಯಾಸ.

“ನಿಮ್ಮ ಅಂಕಣ ಓದ್ತೀನಿ ಸಾರ್,” ಅಂದರು ಡಾಕ್ಟರು, ಇಕ್ಕಳ ಎತ್ತಿಕೊಂಡು. “ಆದ್ರೆ ಒಂದು ಕೇಳ್ತೀನಿ, ನೀವು ನಿಜವಾಗ್ಲೂ ಅಲ್ಲಿ ಹೋಗಿ ಕೂರ್ತೀರಾ? ನಂಗ್ಯಾಕೋ ಅನುಮಾನ.”

ಉತ್ತರ ಕೊಡಲು ಬಾಯಿ ಖಾಲಿ ಇರಲಿಲ್ಲ. ಅಷ್ಟರಲ್ಲಿ ರೇಡಿಯೋ ಹೇಳಿತು: ಸದನದ ಮೈಕುಗಳು ಕೆಟ್ಟಿದ್ದರಿಂದ ಬೆಳಗಿನ ಕಲಾಪ ನಡೆಯಲೇ ಇಲ್ಲ, ಮೂರೂವರೆಗೆ ಸದನ ಮತ್ತೆ ಸೇರುತ್ತದೆ, ಕಿಟಕಿ ಮಸೂದೆ ಇವತ್ತು ಬರುವುದು ಅನುಮಾನ.

ಅಂಕಣಕಾರರು ಕುರ್ಚಿಯಿಂದ ಚಿಮ್ಮಿದ ರಭಸಕ್ಕೆ ಡಾಕ್ಟರು ಗೋಡೆಗೆ ಅಂಟಿಕೊಂಡರು. “ಸಾರ್, ಹಲ್ಲು!” ಅಂತ ಕೂಗುವಷ್ಟರಲ್ಲಿ, ಕತ್ತಿಗೆ ಕಟ್ಟಿದ ಬಟ್ಟೆಯ ಸಮೇತ ಅವರು ಬೀದಿಯಲ್ಲಿದ್ದರು.

ಪ್ರೆಸ್ಸಿಗೆ ಹೋಗಿ ನೋಡಿದರೆ ಯಂತ್ರ ಆಗಲೇ ಧಡಧಡ ಓಡುತ್ತಿತ್ತು. ದೂರದ ಊರುಗಳಿಗೆ ಹೋಗುವ ಮೊದಲ ಆವೃತ್ತಿ ಮಧ್ಯಾಹ್ನವೇ ಅಚ್ಚಾಗುತ್ತದೆ.

“ನಿಲ್ಸಿ! ನಿಲ್ಸಿ ಮಾರಾಯ್ರೇ!” ಅಂದರು, ಬಾಯಿಯ ಒಂದೇ ಬದಿಯಿಂದ.

ಪ್ರೆಸ್ಸಿನ ಫೋರ್‌ಮನ್ ಅವರನ್ನು ಮೇಲಿಂದ ಕೆಳಗೆ ನೋಡಿದ. “ನಿಮ್ಮ ಲೇಖನ ನೀವೇ ನಿಲ್ಲಿಸ್ತೀರಾ? ಯಾಕೆ ಸಾರ್, ಸಚಿವರ ಕಡೆಯವರು ಬಂದು ಹೆದರಿಸಿದ್ರಾ?”

“ಇಲ್ಲಪ್ಪಾ!”

“ಹಂಗಾದ್ರೆ ಸಂಪಾದಕರು ಹೇಳಲಿ, ನಿಲ್ಲಿಸ್ತೀನಿ. ಫೋನ್ ಮಾಡ್ಲಾ?”

“ಬೇಡ ಬೇಡ!” ಸಂಪಾದಕರಿಗೆ ಹೇಳುವುದೂ, ರಾಜೀನಾಮೆ ಬರೆದುಕೊಡುವುದೂ ಒಂದೇ. ಫೋರ್‌ಮನ್ನನ ಹುಬ್ಬು ಇನ್ನೂ ಒಂದು ಇಂಚು ಮೇಲೇರಿತು. ಬಿಸಿಬಿಸಿ ಹಾಳೆಯೊಂದನ್ನು ಎಳೆದು ಅವರ ಕೈಗಿಟ್ಟ. ಶಾಯಿ ಬೆರಳಿಗೆ ಹತ್ತಿತು.

ಈಗ ಉಳಿದದ್ದು ಒಂದೇ ದಾರಿ. ಅಚ್ಚಾದದ್ದನ್ನು ಬದಲಾಯಿಸೋಕಾಗಲ್ಲ. ಹಾಗಾದರೆ ಅಚ್ಚಾದ ಹಾಗೆ ಸದನ ನಡೆಯಬೇಕು, ಇವತ್ತೇ ನಡೆಯಬೇಕು. ನಡೆಯದಿದ್ದರೆ ಕೆಲಸ ಹೋಯಿತು.

ಮೂರು ಗಂಟೆಗೆ ಸದನದ ಮೊಗಸಾಲೆಯಲ್ಲಿ ಕಿಟಕಿ ಸಚಿವರನ್ನು ಹಿಡಿದರು. ಮೈಕು ರಿಪೇರಿಯಾಗಿತ್ತು. ಸಚಿವರು ಮಾತ್ರ ಆಕಳಿಸುತ್ತಿದ್ದರು.

“ಮಸೂದೆ ಇವತ್ತೇ ತನ್ನಿ ಸಾರ್. ಒಳ್ಳೇ ಕೆಲಸ ತಡ ಆಗಬಾರದು.”

ಸಚಿವರ ಆಕಳಿಕೆ ಅರ್ಧಕ್ಕೆ ನಿಂತಿತು. “ಒಳ್ಳೇ ಕೆಲಸಾನಾ? ಏನ್ರೀ, ಇಷ್ಟು ವರ್ಷದಲ್ಲಿ ನಮ್ಮ ಒಂದು ಮಸೂದೇನ ನೀವು ಹೊಗಳಿದ್ದುಂಟಾ? ಇದರಲ್ಲೇನೋ ಇದೆ. ಇವತ್ತು ತರೋದೇ ಇಲ್ಲ, ಹೋಗಿ.”

ಅಂಕಣಕಾರರು ಕಂಬಕ್ಕೆ ಒರಗಿ ನಿಂತರು. ಕಣ್ಣಲ್ಲಿ ನೀರೇ ಬಂತು, ನೋವಿಗೋ ಭಯಕ್ಕೋ ಅವರಿಗೇ ಗೊತ್ತಾಗಲಿಲ್ಲ. ಆಮೇಲೆ ಥಟ್ಟನೆ ಬುದ್ಧಿ ಹೊಳೆಯಿತು. ಕಣ್ಣೊರೆಸಿಕೊಂಡು ಮತ್ತೆ ಸಚಿವರ ಹತ್ತಿರ ಹೋದರು.

“ನೀವು ಹೇಳಿದ್ದೇ ಸರಿ ಸಾರ್. ಇವತ್ತು ಬೇಡವೇ ಬೇಡ. ವಿರೋಧ ಪಕ್ಷದ ನಾಯಕರಿಗೂ ನಾಳೆಯೇ ಅನುಕೂಲವಂತೆ.”

“ಅವನಿಗೆ ನಾಳೆ ಅನುಕೂಲಾನಾ?” ಸಚಿವರ ಕಣ್ಣು ಕಿರಿದಾಯಿತು. “ಹೋ, ಹಿಂಗೋ ಸಮಾಚಾರ!” ಆಪ್ತ ಕಾರ್ಯದರ್ಶಿಯ ಕಡೆ ತಿರುಗಿ, “ಎಲ್ರೀ ಫೈಲು? ಇವತ್ತೇ, ಮೊದಲನೇ ವಿಷಯಾನೇ ಇದು!” ಅಂತ ಗುಡುಗಿದರು.

ಪಾಪ, ಹತ್ತೊಂಬತ್ತು ವರ್ಷ ಸತ್ಯ ಸತ್ಯ ಅಂತ ಬರೆದ ಮನುಷ್ಯ! ಸುಳ್ಳು ಇಷ್ಟು ಸಲೀಸಾಗಿ ಕೆಲಸ ಮಾಡುತ್ತದೆ ಅಂತ ಗೊತ್ತಾಗಿ ಅವರಿಗೆ ನಾಚಿಕೆಯೇ ಆಯಿತು. ಆದರೆ ನಾಚಿಕೊಳ್ಳಲು ಪುರುಸೊತ್ತಿರಲಿಲ್ಲ. ನೇರ ವಿರೋಧ ಪಕ್ಷದ ನಾಯಕರ ಕೋಣೆಗೆ ನಡೆದರು.

“ಸಾರ್, ಇವತ್ತು ದಯವಿಟ್ಟು ಪ್ರತಿ ಹರೀಬೇಡಿ. ಸದನದ ಘನತೆ ಮುಖ್ಯ.”

“ನಾನಾಗೇ ಹರಿಯೋದು ಬೇಡ ಅಂದ್ಕೊಂಡಿದ್ದೆ,” ಅಂದರು ನಾಯಕರು. “ನೀವು ಬರೆದೂ ಬರೆದೂ ನಂಗೂ ಸಾಕಾಗಿತ್ತು. ಆದ್ರೆ ನೀವು ಈಗಷ್ಟೇ ಆ ಸಚಿವನ ಜೊತೆ ಗುಸುಗುಸು ಅಂತಿದ್ದದ್ದನ್ನ ನನ್ನ ಕಣ್ಣಾರೆ ನೋಡಿದೀನಿ. ನಾನು ಹರೀಬಾರದು ಅಂತ ಅವನೇ ಹೇಳಿ ಕಳಿಸಿದ್ನಾ? ಹಾಗಿದ್ರೆ ಎರಡು ಪ್ರತಿ ಹರೀತೀನಿ!”

“ಒಂದೇ ಸಾಕು ಸಾರ್,” ಅಂದುಬಿಟ್ಟರು ಅಂಕಣಕಾರರು, ಬಾಯಿ ತಪ್ಪಿ. ನಾಯಕರು ಗುರಾಯಿಸಿದರು.

ಮೂರೂ ಮುಕ್ಕಾಲಿಗೆ ಸಚಿವರು ಎದ್ದು ನಿಂತರು. ಪತ್ರಕರ್ತರ ಗ್ಯಾಲರಿಯಲ್ಲಿ ಅಂಕಣಕಾರರು ಅಚ್ಚಾದ ಹಾಳೆಯನ್ನು ತೊಡೆಯ ಮೇಲೆ ಹರಡಿ, ಪೆನ್ಸಿಲ್ ಹಿಡಿದು ಕೂತರು.

“ಇದೊಂದು ಐತಿಹಾಸಿಕ...” ಅಂದರು ಸಚಿವರು. ಹಾಳೆಯಲ್ಲಿ ಒಂದು ಗುರುತು. ನೀರು ಕುಡಿದರು, ಒಂದು. ಮತ್ತೆ ಕುಡಿದರು, ಎರಡು. ಹಿಂದಿನ ಸಾಲಿನವರ ಗಲ್ಲ ಎದೆಗೆ ಇಳಿಯಿತು, ಗುರುತು. ಆಮೇಲೆ ಎಷ್ಟು ಹೊತ್ತಾದರೂ ಸಚಿವರಿಗೆ ಬಾಯಾರಲಿಲ್ಲ. ಲೋಟ ತುಂಬಿಯೇ ಇತ್ತು. “ಕುಡಿ, ಕುಡಿಯೋ ಮಹಾನುಭಾವ,” ಅಂತ ಅಂಕಣಕಾರರು ಹಲ್ಲು ಕಚ್ಚಿದರು, ಕಚ್ಚಿದ ಮೇಲೆ ಅದು ಯಾವ ಹಲ್ಲು ಅಂತ ನೆನಪಾಯಿತು. ಕೊನೆಗೆ ಸಚಿವರು ಕೆಮ್ಮಿ ಲೋಟ ಎತ್ತಿದರು. ಮೂರು! ನಾಯಕರು ಎದ್ದರು, ಪ್ರತಿ ಹರಿದರು, ಒಂದೇ ಪ್ರತಿ, ಎಸೆದು ಹೊರಟರು. ಸಭಾಧ್ಯಕ್ಷರು ಗಂಟೆ ಬಾರಿಸಿದರು. ಅಂಗೀಕಾರ. ಗಡಿಯಾರ ನೋಡಿದರೆ ಸರಿಯಾಗಿ ಹನ್ನೊಂದು ನಿಮಿಷ.

ಅಂಕಣಕಾರರಿಗೆ ಹೋದ ಜೀವ ಬಂದ ಹಾಗಾಯಿತು. ನೌಕರಿ ಉಳಿಯಿತು! ತಾವು ವಿರೋಧಿಸಿದ ಮಸೂದೆ ಅಂಗೀಕಾರವಾದದ್ದಕ್ಕೆ ಗ್ಯಾಲರಿಯಲ್ಲಿ ಎದ್ದು ಕುಣಿಯುವುದೊಂದು ಬಾಕಿ.

“ಏನದು?” ಅಂತ ಪಕ್ಕದಲ್ಲೊಂದು ದನಿ. ಎದುರಾಳಿ ಪತ್ರಿಕೆಯ ವರದಿಗಾರ. ಕತ್ತು ಉದ್ದ ಮಾಡಿ ಓದುತ್ತಿದ್ದ. “ಈಗ ನಡೆದದ್ದು... ಆಗ್ಲೇ ಅಚ್ಚಾಗಿದೆಯಾ? ಮೂರು ಲೋಟ ನೀರಿನ ಸಮೇತ?”

ಹಾಳೆ ಅವರ ಕೈಯಿಂದ ಹೋಗಿದ್ದೇ ತಿಳಿಯಲಿಲ್ಲ. ಐದು ನಿಮಿಷದಲ್ಲಿ ಅದು ಸಭಾಧ್ಯಕ್ಷರ ಮೇಜಿನ ಮೇಲಿತ್ತು. ಸದನ ಕೆಂಡವಾಯಿತು. ಹೊರಟುಹೋಗಿದ್ದ ನಾಯಕರೂ ವಾಪಸು ಓಡಿಬಂದರು. ಮುಂಚೆಯೇ ಯಾರೋ ಗುಟ್ಟು ಬಿಟ್ಟುಕೊಟ್ಟಿದ್ದಾರೆ ಅಂತ ಸಚಿವರು ನಾಯಕರ ಕಡೆ ಬೆರಳು ತೋರಿಸಿದರು, ನಾಯಕರು ಸಚಿವರ ಕಡೆ ತೋರಿಸಿದರು. ಇದು ಸದನದ ಹಕ್ಕುಚ್ಯುತಿ ಅನ್ನುವುದರಲ್ಲಿ ಮಾತ್ರ, ಎಷ್ಟೋ ವರ್ಷಗಳಲ್ಲಿ ಮೊದಲ ಸಲ, ಎರಡೂ ಕಡೆಯವರು ಒಮ್ಮತಕ್ಕೆ ಬಂದರು.

ಸಂಜೆ ಐದಕ್ಕೆ ಸಭಾಧ್ಯಕ್ಷರ ಕೋಣೆ. ಅಂಕಣಕಾರರು ನಿಂತಿದ್ದಾರೆ, ಬಾಗಿಲಲ್ಲಿ ಮಾರ್ಷಲ್. ಕರೆಸಿದ್ದಕ್ಕೆ ಸಂಪಾದಕರೂ ಬಂದಿದ್ದಾರೆ. ಆಶ್ಚರ್ಯವೆಂದರೆ ಸಂಪಾದಕರ ಮುಖ ಹೆಮ್ಮೆಯಿಂದ ಹೊಳೆಯುತ್ತಿತ್ತು.

“ಭೇಷ್ ಕಣ್ರೀ!” ಅಂತ ಕಿವಿಯಲ್ಲಿ ಪಿಸುಗುಟ್ಟಿದರು. “ಒಳಗಡೆ ಇಂಥಾ ಜನ ಇಟ್ಟಿದೀರಿ ಅಂತ ನಂಗೆ ಗೊತ್ತೇ ಇರ್ಲಿಲ್ಲ. ಹೆಸರು ಮಾತ್ರ ಬಾಯಿ ಬಿಡಬೇಡಿ. ನಾಳೆಯಿಂದ ರಾಜಕೀಯ ವಿಭಾಗಕ್ಕೆಲ್ಲ ನೀವೇ ಮುಖ್ಯಸ್ಥರು.”

“ಹೆಸರು ಹೇಳಿ,” ಅಂದರು ಸಭಾಧ್ಯಕ್ಷರು. “ಸದನದಲ್ಲಿ ನಡೆಯೋದನ್ನೆಲ್ಲ ನಿಮಗೆ ಮೊದಲೇ ಹೇಳಿದ್ದು ಯಾರು? ಹೇಳದಿದ್ರೆ ಅಧಿವೇಶನ ಮುಗಿಯೋವರೆಗೆ ದಿನಾ ಹತ್ತು ಗಂಟೆಗೆ ಹಕ್ಕುಚ್ಯುತಿ ಸಮಿತಿ ಮುಂದೆ ನಿಲ್ಲಬೇಕು. ಆಮೇಲೆ ಜೈಲೋ ಏನೋ, ಸದನ ತೀರ್ಮಾನಿಸುತ್ತೆ.”

ಜೈಲು ಅಂದಕೂಡಲೇ ಅಂಕಣಕಾರರು ಬಾಗಿಲಲ್ಲಿದ್ದ ಮಾರ್ಷಲ್ ಕಡೆ ತಿರುಗಿ ನೋಡಿದರು. ಮುಖ್ಯಸ್ಥರ ಕುರ್ಚಿಯೂ ಕಣ್ಣ ಮುಂದೆ ಬಂತು. ಹೆಸರು ಹೇಳೋಣವೆಂದರೆ ಹೆಸರೇ ಇಲ್ಲ, ಯಾರದೋ ಹೆಸರು ಸಿಗಿಸಲು ಮನಸ್ಸು ಒಪ್ಪಲಿಲ್ಲ. ಬೆಳಿಗ್ಗೆಯಿಂದ ಹೇಳಿದ ಸುಳ್ಳುಗಳೆಲ್ಲ ಒಂದೊಂದಾಗಿ ನೆನಪಾದವು. ಸಾಕಪ್ಪಾ ಸಾಕು ಅನಿಸಿತು.

“ಯಾರೂ ಹೇಳಿಲ್ಲ ಸಾರ್. ನಾನೇ ಬೆಳಿಗ್ಗೆ ಮನೆಯಲ್ಲಿ ಕೂತು ಊಹಿಸಿ ಬರೆದೆ. ಹತ್ತೊಂಬತ್ತು ವರ್ಷದಿಂದ ಇಲ್ಲಿ ಇದೇ ನಡೀತಾ ಇದೆ. ನೋಡೋದೇನಿದೆ?”

ಸಭಾಧ್ಯಕ್ಷರ ಮುಖ ಕೆಂಪೇರಿತು.

“ಇಂಥಾ ಹಸೀ ಸುಳ್ಳನ್ನ ನಾನು ಈ ಕುರ್ಚಿಯಲ್ಲಿ ಕೂತಾಗಿನಿಂದ ಕೇಳಿಲ್ಲ! ಯಾರನ್ನೋ ಕಾಪಾಡ್ತಿದ್ದಾರೆ ಇವರು. ಬರ್ಕೊಳ್ರೀ ಮಾರ್ಷಲ್, ನಾಳೆ ಹತ್ತು ಗಂಟೆಗೆ ಸಮಿತಿ ಮುಂದೆ!”

ಅಂಕಣಕಾರರು ದಿಕ್ಕು ತೋಚದೆ ಸಂಪಾದಕರ ಕಡೆ ತಿರುಗಿದರು. “ನೀವಾದ್ರೂ ಹೇಳಿ ಸಾರ್. ನಾನು ಹೇಳಿದ್ದು ನಿಜ. ನನ್ನನ್ನ ನಂಬಿ.”

ಸಂಪಾದಕರ ಮುಖದ ಹೊಳಪು ಆರಿಹೋಗಿತ್ತು. ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು.

“ನಂಬಿದೆ ಕಣ್ರೀ,” ಅಂದರು. “ನಾಳೆಯಿಂದ ಕಚೇರಿಗೆ ಬರಬೇಡಿ.”