ಹೊಗೆ ಹೋಗದ ಜಾಗ

ಎಲ್ಲ ರಗಳೆ ಶುರುವಾದದ್ದು "ಬೀಮ್" ಎಂಬ ಒಂದು ಶಬ್ದದಿಂದ.

ಕಾಪುವಿನ ಹೊಸ ಹಾಲ್‌ಗೆ ಹೊಗೆ ಪತ್ತೆ ಹಚ್ಚುವ ಬೀಮ್ ಡಿಟೆಕ್ಟರ್ ಕೂರಿಸಲು ನೆವಿಲ್ ಗುರುವಾರ ಬೆಳಿಗ್ಗೆ ಮಣಿಪಾಲದಿಂದ ಬಂದಿಳಿದ. ಮ್ಯಾನೇಜರ್ ಸುಂದರ ಹೆಮ್ಮೆಯಿಂದ ಮೇಲೆ ಬೆರಳು ತೋರಿಸಿದ. ಹಾಲ್‌ನ ನಟ್ಟನಡುವೆ, ಛಾವಣಿಗೆ ತಾಗಿಕೊಂಡು, ಪ್ಲೈವುಡ್ಡಿನ ದಪ್ಪ ತೊಲೆಯೊಂದು ಮಲಗಿತ್ತು.

"ನೀವು ಫೋನಲ್ಲಿ ಬೀಮ್ ಅಂದಿರಲ್ಲ? ನಮ್ಮಲ್ಲಿ ಬೀಮೇ ಇರಲಿಲ್ಲ. ಆಚಾರಿಯನ್ನು ಕರೆಸಿ ಒಂದು ಮಾಡಿಸಿದೆ ಮಾರಾಯ್ರೆ!"

"ಸುಂದರಣ್ಣ, ಇದು ಬೆಳಕಿನ ಬೀಮ್. ಇಲ್ಲಿಂದ ಹೊರಟ ಕಿರಣ ಎದುರಿನ ಕನ್ನಡಿಗೆ ಬಡಿದು ವಾಪಸು ಬರಬೇಕು. ಮಧ್ಯೆ ಹೊಗೆ ಬಂದರೆ ಸೈರನ್. ನಿಮ್ಮ ಬೀಮು ನನ್ನ ಬೀಮಿಗೆ ಅಡ್ಡ ಉಂಟು!"

ಸುಂದರನ ಮುಖ ತಣ್ಣಗಾದ ಗೋಳಿಬಜೆಯಂತಾಯಿತು.

ನೆವಿಲ್‌ಗೆ ನಗುವ ಪುರುಸೊತ್ತಿರಲಿಲ್ಲ. ನಾಲ್ಕು ಗಂಟೆಗೆ ಅಗ್ನಿಶಾಮಕ ಅಧಿಕಾರಿ ಬಂದು ಒಪ್ಪದಿದ್ದರೆ ಹಾಲ್ ತೆರೆಯುವಂತಿಲ್ಲ. ಶನಿವಾರ ಅಲ್ಲಿ ನಡೆಯಬೇಕಾದದ್ದು ಅವನದೇ ಮದುವೆಯ ರಿಸೆಪ್ಷನ್.

ತೊಲೆ ಕೆಳಗಿಳಿಯುವಷ್ಟರಲ್ಲಿ ಭಾವೀ ಅತ್ತೆ ಗ್ಲ್ಯಾಡಿಸ್ ಬಾಯಿ ಅಲಂಕಾರದ ಪಟ್ಟಿ ಹಿಡಿದು ಬಂದರು.

"ಆ ಡಿಟೆಕ್ಟರ್ ಸ್ಟೇಜಿನ ಮೇಲೆ ಬೇಡ ಪುತಾ. ಫೋಟೊದಲ್ಲಿ ನಿನ್ನ ತಲೆಯ ಮೇಲೆ ಕೆಂಪು ಕಣ್ಣು ಕಾಣುತ್ತದೆ."

ಪಶ್ಚಿಮಕ್ಕೆ ಮುಖ ಮಾಡಿಸಿದರೆ ಸಂಜೆಯ ಬಿಸಿಲು ಡಿಟೆಕ್ಟರಿನ ಕಣ್ಣಿಗೇ ಬೀಳುತ್ತಿತ್ತು. ಬದಿಯ ತಗಡಿನ ಗೋಡೆ ಮಧ್ಯಾಹ್ನದ ಕಾವಿಗೆ ಅಲುಗುತ್ತಿತ್ತು. ಗೋಡೆ ಕೂದಲೆಳೆಯಷ್ಟು ಸರಿದರೂ ಕಿರಣ ಗುರಿ ತಪ್ಪುತ್ತದೆ. ನೆವಿಲ್ ಊಟ ಬಿಟ್ಟು, ಅಗರಬತ್ತಿ ಹಚ್ಚಿ, ಹೊಗೆ ಎಲ್ಲಿ ಏರುತ್ತದೆ, ಫ್ಯಾನ್ ತಿರುಗಿದರೆ ಎತ್ತ ಹೊರಳುತ್ತದೆ ಎಂದು ಕತ್ತೆತ್ತಿ ನೋಡಿದ. ಹೆಣ್ಣು ನೋಡಲು ಹೋದಾಗಲೂ ಅವನು ಇಷ್ಟು ನೋಡಿರಲಿಲ್ಲ. ಕಡೆಗೆ ಎದುರುಬದುರಿನ ಎರಡು ಕಾಂಕ್ರೀಟ್ ಕಂಬಗಳು ಒಪ್ಪಿಗೆಯಾದವು.

ಅಧಿಕಾರಿ ಪರೀಕ್ಷಿಸಿದರು. ಸೈರನ್ ಕೂಗಿತು, ಸುಂದರ ಕಿವಿ ಮುಚ್ಚಿ ಕುಳಿತ.

"ಭೇಷ್! ಒಂದೆಳೆ ಹೊಗೆಯೂ ತಪ್ಪಿಸಿಕೊಳ್ಳಲಿಕ್ಕಿಲ್ಲ." ಅವರು ಸಹಿ ಹಾಕಿ ಎದ್ದರು. "ಇನ್ನು ಕಾರ್ಕಳದಲ್ಲೊಂದು ಹಾಲ್ ನೋಡಲಿಕ್ಕುಂಟು."

ಜೀಪು ಮರೆಯಾದದ್ದೇ ಗ್ಲ್ಯಾಡಿಸ್ ಬಾಯಿ ಹತ್ತಿರ ಬಂದರು. "ಒಂದೆಳೆಯೂ ಅಂದರೆ ಎಂತ? ನಿಮ್ಮ ಎಂಟ್ರಿಗೆ ಹೊಗೆ ಮಿಷನ್ ಬುಕ್ ಆಗಿದೆ. ನನ್ನ ಮಗಳು ಮೋಡದೊಳಗಿಂದ ನಡೆದು ಬಂದ ಹಾಗೆ ಕಾಣಬೇಕು."

"ಸೈರನ್ ಆಗ್ತದೆ ಆಂಟಿ."

"ಹಾಗಾದರೆ ಹೊಗೆ ಹೋಗದ ಜಾಗದಲ್ಲಿ ಹಾಕಬಾರದಿತ್ತಾ?"

"ಹೊಗೆ ಹೋಗುವ ಜಾಗ ಹುಡುಕಲಿಕ್ಕೇ ನನಗೆ ಇಡೀ ದಿನ ಹೋಯಿತು!"

"ಅರ್ಧ ಗಂಟೆ ಆಫ್ ಮಾಡು."

ಸಹಿಯ ಶಾಯಿ ಇನ್ನೂ ಆರಿರಲಿಲ್ಲ. ನೆವಿಲ್ ತಲೆ ಅಲ್ಲಾಡಿಸಿದ. ಗ್ಲ್ಯಾಡಿಸ್ ಬಾಯಿ ಫೋನ್ ಹಿಡಿದು ಅಂಗಳಕ್ಕೆ ಹೋದವರು ಹತ್ತೇ ನಿಮಿಷದಲ್ಲಿ ಗೆದ್ದು ಬಂದರು.

"ಬೇರೆ ಹಾಲ್ ಸಿಕ್ಕಿತು. ಕಾರ್ಕಳದಲ್ಲಿ. ಅಲ್ಲಿ ಬೀಮೂ ಇಲ್ಲ, ಗೀಮೂ ಇಲ್ಲ."

ಆರುನೂರು ಮಂದಿಗೆ ವಾಟ್ಸಾಪ್ ಹೋಯಿತು.

ಆರು ಗಂಟೆಗೆ ನೆವಿಲ್ ಗಾಡಿಗೆ ಏಣಿ ಕಟ್ಟುತ್ತಿದ್ದಾಗ ಬಾಸ್ ಫೋನ್ ಮಾಡಿದರು. "ಆಫೀಸರ್ ನಿನ್ನನ್ನು ಹೊಗಳಿದ್ದೇ ಹೊಗಳಿದ್ದು ಮಾರಾಯ! ಕಾರ್ಕಳದ ಹಾಲ್‌ಗೂ ನೀನೇ ಆಗಬೇಕಂತೆ. ಡಿಟೆಕ್ಟರ್ ಕೂರಿಸದೆ ಬಾಗಿಲು ತೆರೆಯಬಾರದು ಎಂದಿದ್ದಾರೆ. ಶನಿವಾರ ಅಲ್ಲಿ ಯಾರದ್ದೋ ದೊಡ್ಡ ರಿಸೆಪ್ಷನ್ ಉಂಟಂತೆ, ಪಾಪ."

ಫೋನ್ ಇಟ್ಟೊಡನೆ ಮತ್ತೆ ರಿಂಗಾಯಿತು. ಗ್ಲ್ಯಾಡಿಸ್ ಬಾಯಿ.

"ಪುತಾ, ನಾಳೆ ಹೊಸ ಹಾಲ್ ನೋಡಲಿಕ್ಕೆ ಬರ್ತೀಯಲ್ಲ?"

"ಬರ್ತೇನೆ ಆಂಟಿ," ಎಂದ ನೆವಿಲ್. "ಏಣಿ ಸಮೇತ."